ಉಜ್ಜಬಾರದ ಮಡಕೆ

"ಗುರುಗಳೇ, ಹೊಸದನ್ನು ಕಂಡುಹಿಡಿದ ಕಿರಿಯರು ನನ್ನ ಬಳಿ ಬರುತ್ತಾರೆ. ಅವರು ಮಾಡಿದ ವಸ್ತು ಪೇಟೆಯ ಜನರ ಕೈಸೇರಬೇಕಾದರೆ ನಾನು ಅವರಿಗೆ ಏನು ಕೊಡಬೇಕು?"

ತನ್ನ ಕೋಣೆಗೆ ಬಂದ ಗುರುಗಳನ್ನು ಹಿರಿಯ ಶಿಷ್ಯ ಹೀಗೆ ಕೇಳಿದ. ವಿದ್ಯಾಪೀಠದ ಕಿರಿಯ ವಿದ್ವಾಂಸರ ಹೊಣೆ ಆ ವಾರವಷ್ಟೇ ಅವನ ಪಾಲಿಗೆ ಬಂದಿತ್ತು. ಧನಸಹಾಯ, ಶಿಫಾರಸಿನ ಓಲೆ, ಒಂದು ಸಭೆ, ಒಂದು ಶಾಲು ಎಂದು ಅವನು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ.

ಗುರುಗಳು ಮೂಲೆಯ ಕೊಡದಿಂದ ಒಂದು ಲೋಟ ನೀರು ಕುಡಿದು ಕತೆ ತೆಗೆದರು.

ಕೆರೆಯ ಕೆಸರು ನೀರನ್ನೇ ಕುಡಿಯುತ್ತಿದ್ದ ಒಂದು ಪಟ್ಟಣವಿತ್ತು. ಅಲ್ಲಿನ ವಿದ್ಯಾಪೀಠದಲ್ಲಿ ಆಗಷ್ಟೇ ಓದು ಮುಗಿಸಿದ ಯುವಕನೊಬ್ಬ ಜೋಡಿ ಮಡಕೆ ಮಾಡಿದ. ಮೇಲಿನ ಮಡಕೆಯ ಒಳಮೈಗೆ ಒಂದು ಬಗೆಯ ಕಲ್ಲಿನ ಪುಡಿಯ ಲೇಪ. ಅದಕ್ಕೆ ಕೆಸರು ನೀರು ಸುರಿದರೆ ಹನಿಹನಿಯಾಗಿ ಜಿನುಗಿ ಕೆಳಗಿನ ಮಡಕೆಯಲ್ಲಿ ತಿಳಿನೀರಾಗಿ ನಿಲ್ಲುತ್ತಿತ್ತು. ಮೂರು ವರ್ಷದ ದುಡಿಮೆ ಅದು. ನೂರು ಸಲ ಪರೀಕ್ಷಿಸಿದ್ದ. ಒಂದು ಪರೀಕ್ಷೆಯ ಕೊಳೆ ಇನ್ನೊಂದಕ್ಕೆ ತಾಗಬಾರದೆಂದು ಪ್ರತಿ ಸಲವೂ ಹೊಸ ಮಡಕೆಯನ್ನೇ ತೆಗೆದುಕೊಂಡಿದ್ದ. ವಿದ್ಯಾಪೀಠದ ಶಿಸ್ತು ಅಂಥದು.

ವಿದ್ಯಾಪೀಠದ ಹಿರಿಯರು ಆ ನೀರು ಕುಡಿದು ತಲೆದೂಗಿದರು. ಮಡಕೆ ಸುಡುವ ಆವಿಗೆಯನ್ನು ದೀಪಾವಳಿಯವರೆಗೆ ಅವನಿಗೆ ಬಿಟ್ಟುಕೊಟ್ಟರು. ಅಷ್ಟರೊಳಗೆ ಹತ್ತು ಮನೆಯವರು ತಾವಾಗಿ ಬಂದು ಮಡಕೆ ಕೇಳಿದರೆ ಆವಿಗೆ ಅವನದೇ. ಇಲ್ಲವಾದರೆ ಅದು ಬೇರೆಯವನಿಗೆ. ಯುವಕ ಮಕ್ಕಳಿಗೆ ಅಕ್ಷರ ತಿದ್ದಿಸಲು ಹೋಗಬೇಕು.

ಅವನು ಹತ್ತು ಜೋಡಿಗಳನ್ನು ಪೇಟೆಯ ಮಡಕೆ ಮಾರುವ ಅಜ್ಜಿಗೆ ಒಪ್ಪಿಸಿದ. ಹದಿನೈದನೆಯ ದಿನ ಅಜ್ಜಿ, ಕೆಸರು ನೀರೇ ಬರುತ್ತದೆಂದು ಮನೆಯವರು ಮರಳಿಸಿದ ಹತ್ತನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದು ಅವನ ಬಾಗಿಲಲ್ಲಿ ಇಳಿಸಿದಳು. ಅವನು ಬಗ್ಗಿ ನೋಡಿದ. ಒಳಗೆ ಲೇಪವೇ ಇರಲಿಲ್ಲ. ಬೂದಿಯ ಗೀರುಗಳಿದ್ದವು.

"ಒಳಗೆ ಉಜ್ಜಬಾರದೆಂದು ಓಲೆ ಬರೆದು ಕೊಟ್ಟಿದ್ದೆನಲ್ಲ ಅಜ್ಜಿ?"

"ಕೊಟ್ಟಿದ್ದಿರಿ ಸ್ವಾಮಿ. ಓಲೆಯನ್ನು ಭಕ್ತಿಯಿಂದ ಜಂತೆಗೆ ಸಿಕ್ಕಿಸಿದ್ದಾರೆ, ಮಡಕೆಯನ್ನು ಉಜ್ಜಿದ್ದಾರೆ. ಬೆಳಗ್ಗೆ ಎದ್ದು ನೀರಿನ ಮಡಕೆ ಉಜ್ಜದ ಸೊಸೆಯನ್ನು ಯಾವ ಅತ್ತೆ ಒಲೆಯ ಹತ್ತಿರ ಸೇರಿಸುತ್ತಾಳೆ?"

ಈ ಪಟ್ಟಣಕ್ಕೆ ತಿಳಿವಳಿಕೆ ಸಾಲದು ಎಂದುಕೊಂಡ ಯುವಕ. ಲೇಪವನ್ನು ಗಟ್ಟಿ ಮಾಡಿದ. ಉಜ್ಜಿದರೆ ಹೋಗಲಿಲ್ಲ, ಆದರೆ ನೀರೂ ಜಿನುಗಲಿಲ್ಲ. ದೀಪಾವಳಿಗೆ ಒಂದು ತಿಂಗಳು ಉಳಿಯಿತು. ಆವಿಗೆಗೆ ಕಾದಿದ್ದ ಇನ್ನೊಬ್ಬ ವಿದ್ವಾಂಸ ಬಂದು ಉದ್ದಗಲ ಅಳೆದುಕೊಂಡು ಹೋದ. ಅದನ್ನು ನೋಡಿದ ಮೇಲೆ ಯುವಕನಿಗೆ ಅನ್ನ ಸೇರಲಿಲ್ಲ. ನೇರವಾಗಿ ಅಜ್ಜಿಯ ಅಂಗಡಿಗೆ ನಡೆದ.

"ಉಜ್ಜುವುದನ್ನು ಅವರಿಗೆ ಹೇಗೆ ಬಿಡಿಸಲಿ, ಅಜ್ಜಿ?"

"ಬಿಡಿಸುವುದು ಆಮೇಲಾಯಿತು. ನೀವು ಒಂದನ್ನಾದರೂ ಉಜ್ಜಿದ್ದೀರಾ?"

ಅವಳು ಅವನ ಕೈಗೆ ತೆಂಗಿನ ನಾರು ಕೊಟ್ಟು, ಅವನ ಬಾಗಿಲಿಂದ ಹಿಂದಕ್ಕೆ ತಂದು ಹದಿನೈದು ದಿನ ಉಜ್ಜದೆ ಕೆಸರು ನೀರು ಸುರಿದಿದ್ದ, ಲೇಪ ಹೋದ ಒಂದು ಮಡಕೆಯನ್ನು ಮುಂದಿಟ್ಟಳು. ಮಡಿಸಿ ಅಭ್ಯಾಸವಿಲ್ಲದ ಮೊಣಕಾಲನ್ನು ಮಡಿಸಿ, ಹಿತ್ತಲಿನ ಕಲ್ಲಿನ ಮೇಲೆ ಕೂತು ಅವನು ಉಜ್ಜಿದ. ಮೊದಲು ಜಿಗುಟು ಕೆಸರು ಬಂತು. ಮಡಕೆಯ ರಂಧ್ರಗಳನ್ನು ಅದೇ ಮುಚ್ಚಿತ್ತು. ಆಮೇಲೆ ಕೆಂಪು ಮಣ್ಣಿನ ಸಣ್ಣ ಪುಡಿ ಬಂತು. ಒಳಮೈ ಕೂದಲೆಳೆಯಷ್ಟು ಸವೆದು ಹೊಸದಾಯಿತು. ನೀರು ಸುರಿದ. ಮೊದಲಿಗಿಂತ ಬೇಗ ಜಿನುಗಿತು.

ಮಡಕೆಗೆ ವಯಸ್ಸಾಗುತ್ತದೆ ಎಂಬುದನ್ನು ನೂರು ಹೊಸ ಮಡಕೆಗಳಲ್ಲಿ ಒಂದೂ ಅವನಿಗೆ ಹೇಳಿರಲಿಲ್ಲ. ಉಜ್ಜದೆ ಇಟ್ಟಿದ್ದರೆ ಅವನ ಲೇಪವೂ ಕೆಸರು ಕಟ್ಟಿ ಸಾಯುತ್ತಿತ್ತು. ಆ ಹೆಂಗಸರು ತಪ್ಪು ಮಾಡಿರಲಿಲ್ಲ.

ಅವನು ಲೇಪವನ್ನು ಕೈಬಿಟ್ಟ. ಕಲ್ಲಿನ ಪುಡಿಯನ್ನು ಜೇಡಿಮಣ್ಣಿಗೇ ಕಲಸಿ, ದಪ್ಪ ಮಡಕೆ ಮಾಡಿ ಸುಟ್ಟ. ಈಗ ಎಷ್ಟು ಉಜ್ಜಿದರೂ ಒಳಗಿನಿಂದ ಹೊಸ ಪುಡಿಯೇ ಮೇಲೆ ಬರುತ್ತಿತ್ತು. ಹತ್ತು ಜೋಡಿಗಳನ್ನು ಅಜ್ಜಿಗೆ ಕೊಟ್ಟ. ಓಲೆ ಕೊಡಲಿಲ್ಲ. ಅಜ್ಜಿ ಮನೆಮನೆಯಲ್ಲೂ ಒಂದೇ ಮಾತು ಹೇಳಿದಳು: "ಚೆನ್ನಾಗಿ ಉಜ್ಜಿ, ತಾಯಂದಿರಾ."

ದೀಪಾವಳಿಗೆ ನೀರು ತುಂಬುವ ದಿನ ಹಿರಿಯರು ಲೆಕ್ಕ ನೋಡಲು ಬಂದರು. ಆವಿಗೆಯ ಹತ್ತಿರ ಹೋಗಲು ಅವರಿಗೆ ದಾರಿ ಸಿಗಲಿಲ್ಲ. ಬೀದಿಯ ತಿರುವಿನವರೆಗೆ ಹೆಂಗಸರು ಸಾಲು ನಿಂತಿದ್ದರು. ಹಿರಿಯರೊಬ್ಬರು ಮುಂದೆ ನುಗ್ಗಲು ನೋಡಿದಾಗ ಒಬ್ಬಳು ಅತ್ತೆ, "ಸಾಲಿಗೆ ಬನ್ನಿ ಸ್ವಾಮಿ, ನಿಮಗೂ ಸಿಗುತ್ತದೆ" ಎಂದಳು. ವಿದ್ಯಾಪೀಠದ ಹಿರಿಯರು ಸಾಲಿನ ಕೊನೆಗೆ ಹೋಗಿ ನಿಂತರು. ಅಜ್ಜಿ ಕಟ್ಟೆಯ ಮೇಲೆ ಕೂತು ಒಂದೊಂದು ಜೋಡಿಯನ್ನೂ ಬಡಿದು, ಸದ್ದು ಕೇಳಿ ಕೊಡುತ್ತಿದ್ದಳು. ಯುವಕ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಮುಂದಿನ ಸರದಿಗೆ ಬೆಂಕಿ ಹಾಕುತ್ತಿದ್ದ. ಆ ಆವಿಗೆ ಮತ್ತೆ ತಣ್ಣಗಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ನಾಳೆಯೇ ಕಿರಿಯರನ್ನೆಲ್ಲ ಪೇಟೆಗೆ ಕಳುಹಿಸುತ್ತೇನೆ."

"ಕಳುಹಿಸುವ ಮೊದಲು, ನಿನ್ನ ಕೋಣೆಯ ಈ ಕೊಡವನ್ನು ದಿನವೂ ಉಜ್ಜುವವರು ಯಾರೆಂದು ಹೇಳು."

ಶಿಷ್ಯ ಕೊಡವನ್ನು ನೋಡಿದ. ಅದು ಥಳಥಳ ಹೊಳೆಯುತ್ತಿತ್ತು. ಅದನ್ನು ಉಜ್ಜುವವರ ಹೆಸರು ಕೇಳಿ ತಿಳಿಯಲು ಅವನು ಎದ್ದು ಹಿತ್ತಲಿನ ಕಡೆಗೆ ನಡೆದ.