ಚಳಿಯಿಲ್ಲದ ಊರಿಗೆ ಹೋದ ಕಂಬಳಿ

ಚಳಿ ಓಡಿಸೋ ವಿದ್ಯೆ ಕಲಿತು, ಚಳಿಯೇ ಇಲ್ಲದ ಊರಿಗೆ ಕೆಲಸ ಹುಡುಕಿ ಹೋದದ್ದು ಯಾರು, ಹೇಳಿ? ನಿಮ್ಮ ಕೈಲಾಗಲ್ಲ ಬಿಡಿ. ಚಳ್ಳಕೆರೆಯ ಕಂಬಳಿ.

ಮಗ್ಗದ ಕಾಲೇಜಿನಿಂದ ಮೊನ್ನೆಯಷ್ಟೇ ಇಳಿದಿದ್ದ ಅದು, ಕಡಲ ತಡಿಯ ಪಟ್ಟಣದ ದೊಡ್ಡ ಮನೆಯೊಂದರ ಬಾಗಿಲಲ್ಲಿ ನಿಂತು ಕಾಲೊರಸನ್ನು ಕೇಳಿತು: “ಏನಯ್ಯಾ, ಒಳಗೆ ಮಂಚದ ಮೇಲೆ ಕೆಲಸ ಖಾಲಿ ಇದೆಯೇ?”

“ಇಲ್ಲಿ ಚಳಿಯೇ ಇಲ್ಲ. ನಿನ್ನನ್ನು ಹೊದೆಯೋರು ಯಾರು?”

“ಹವೆ ಚೆನ್ನಾಗಿದೆ ಅಂತಲೇ ಬಂದೆ. ಕಪಾಟಿನಲ್ಲಿದ್ದು ಕಾಯುತ್ತೇನೆ.”

“ಕಪಾಟು ಬಲು ದುಬಾರಿ, ತಮ್ಮಾ. ರೇಷ್ಮೆ ಸೀರೆಗಳೇ ಒಂದರ ಮೇಲೊಂದು ಮಲಗಿವೆ.”

“ಕಾಲೊರಸಿಗೇನು ಗೊತ್ತು? ನಾನು ಫಸ್ಟ್ ಕ್ಲಾಸ್ ಕಂಬಳಿ!”

“ನಾನೂ ಕಂಬಳಿಯಾಗಿಯೇ ಬಂದವನು,” ಎಂದಿತು ಕಾಲೊರಸು. “ಸುಮ್ಮನೆ ಮಡಚಿಕೋ, ಹಿಂಬಾಗಿಲು ಖಾಲಿ ಇದೆ.”

ಕಂಬಳಿ ರೋಷದಿಂದ ಮುಂದಿನ ಬಸ್ಸಿಗೇ ಊರಿಗೆ ಮರಳಿತು. ಈ ಕೊನೆ ಮಾತ್ರ ನಾನೇ ಕಟ್ಟಿದ ಸುಳ್ಳು. ಆ ಮನೆಯ ಹಿಂಬಾಗಿಲಿಗೆ ಹೋದರೆ ಕಾಲು ಮೆಲ್ಲಗೆ ಒರೆಸಿ. ಕಂಬಳಿಯ ಫಸ್ಟ್ ಕ್ಲಾಸು ಇನ್ನೂ ಅಂಗಾಲಿಗೆ ಚುಚ್ಚುತ್ತದೆ.