ಚೆಂಡು ಬೀಳದ ಬುಟ್ಟಿ

ನನ್ನ ಮೀಸೆಯಾಣೆ ಮಕ್ಕಳೇ, ಈ ಕಥೆಯ ಒಂದೊಂದು ಮಾತೂ ನಿಜ. ಸುಳ್ಳಿದ್ದರೆ ಬೆಳಗಾಗುವಷ್ಟರಲ್ಲಿ ಈ ಮೀಸೆ ಉದುರಿ ಮಜ್ಜಿಗೆಗೆ ಬೀಳಲಿ.

ಉದ್ದಾಪುರ ಅಂತ ಒಂದು ರಾಜ್ಯ. ಅಲ್ಲಿನ ಜನ ಎಷ್ಟು ಉದ್ದ ಅಂದರೆ, ಕೂತಲ್ಲೇ ಕೈ ಎತ್ತಿ ತೆಂಗಿನಕಾಯಿ ಕೀಳೋರು. ಅವರ ಆಟ ಬುಟ್ಟಿಚೆಂಡು. ನೀವೀಗ ಬ್ಯಾಸ್ಕೆಟ್‌ಬಾಲ್ ಅಂತೀರಲ್ಲ, ಅದರ ಮುತ್ತಜ್ಜ. ಬಯಲಿನ ಎರಡು ತುದಿಗೆ ಮೋಡ ಮುಟ್ಟುವ ಎರಡು ಕಂಬ. ಕಂಬದ ಮೇಲೆ ಒಂದೊಂದು ಬಿದಿರು ಬುಟ್ಟಿ. ಎದುರಾಳಿಯ ಬುಟ್ಟಿಗೆ ಚೆಂಡು ಹಾಕಬೇಕು. ಬುಟ್ಟಿಗೆ ತಳ ಇತ್ತು, ಹಾಗಾಗಿ ಬಿದ್ದ ಚೆಂಡು ತೆಗೆಯೋಕೆ ಏಣಿ ಹತ್ತುವ ಆಳು ಬೇಕು.

ಉದ್ದಾಪುರದ ಬುಟ್ಟಿಗೆ ಗವಿಯಪ್ಪ ಆಳು. ಪಾಪ, ಅವನು ಏಣಿ ಹತ್ತಿದ್ದೇ ಇಲ್ಲ. ಯಾವ ನಾಡಿನವರಿಗೂ ಆ ಬುಟ್ಟಿಗೆ ಚೆಂಡು ಹಾಕಲು ಆಗಿರಲಿಲ್ಲ. ಎದುರು ಕಂಬದ ಬಸಲಿಂಗನಿಗೋ ಹತ್ತಿ ಇಳಿದು ಮಂಡಿ ಸವೆದಿತ್ತು.

"ನಿನ್ನ ಪುಣ್ಯ ಕಣಣ್ಣ, ಮಂಡಿ ಹೊಸದಾಗೇ ಇದೆ" ಅಂತ ಬಸಲಿಂಗ ನರಳೋನು.

"ಒಂದು ಮಂಡಿ ನನಗೆ ಕೊಡೋ. ನೋವಿನ ಸಮೇತ ಕೊಡು" ಅನ್ನೋನು ಗವಿಯಪ್ಪ.

ಸಂಜೆಯಾದರೆ ಕಂಬಕ್ಕೆ ಕಿವಿ ಹಚ್ಚಿ ನಿಲ್ಲೋನು. ಚೆಂಡು ಬಿದ್ದರೆ ಹೇಗೆ ಸದ್ದಾಗುತ್ತದೋ ಅಂತ. ಕೇಳುತ್ತಿದ್ದದ್ದು ಬುಟ್ಟಿಯಲ್ಲಿ ಗೂಡು ಕಟ್ಟಿದ ಗುಬ್ಬಚ್ಚಿಯ ಚಿಲಿಪಿಲಿ.

"ಇಷ್ಟು ಭದ್ರವಾದ ಜಾಗ ಲೋಕದಲ್ಲೇ ಇಲ್ಲ ಗವಿಯಪ್ಪ. ನಮ್ಮಜ್ಜಿಯ ಬಾಣಂತನವೂ ಇಲ್ಲೇ ಆಯಿತಂತೆ" ಅಂತು ಗುಬ್ಬಿ.

ಗವಿಯಪ್ಪನಿಗೆ ಆ ದಿನ ಮುದ್ದೆ ಇಳಿಯಲಿಲ್ಲ.

ಉದ್ದಾಪುರದ ದೊರೆ ಮೇರುಪಾಲನಿಗೆ ಗೆದ್ದಷ್ಟೂ ಸಾಲದು. ಕೆರೆನಾಡಿನಲ್ಲಿ ಹೊನ್ನಿ ಅಂತ ಗುರಿಗಾರ್ತಿ ಹುಟ್ಟಿದಳು. ದೊರೆ ಪಲ್ಲಕ್ಕಿ ಕಳಿಸಿ ಕರೆಸಿಕೊಂಡ. ಮರಳುನಾಡಿನಲ್ಲಿ ಜಿಗಿಯುವವನೊಬ್ಬ ಬೆಳೆದ. ಅವನಿಗೂ ಪಲ್ಲಕ್ಕಿ ಹೋಯಿತು. ಕಲ್ಲುನಾಡಿನಲ್ಲಿ ಓಡುವವನೊಬ್ಬ ಎದ್ದ. ಅವನಿಗೂ ಹೋಯಿತು. ಮೂವರೂ ಉದ್ದಾಪುರಕ್ಕೇ ಆಡಿದರು. ಆಟ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂರೋರು. ಅವರವರ ಊರು ಇದ್ದ ದಿಕ್ಕು.

ಕೊನೆಗೆ ಮೂರು ನಾಡಿನವರೂ ಹೇಳಿ ಕಳಿಸಿದರು, "ಇನ್ನು ನಾವು ಬರಲ್ಲ, ನೀವೇ ಆಡಿಕೊಳ್ಳಿ."

ದೊರೆ ಕುಣಿದಾಡಿಬಿಟ್ಟ. "ಆಡದೇ ಗೆದ್ದೆ. ಇನ್ನು ಈ ಕಂಬ ಯಾಕೆ? ನಾಳೆ ಕಡಿದು ಅರಮನೆಗೆ ತೊಲೆ ಮಾಡಿ" ಅಂದ.

ಇದು ಕೇಳಿದ್ದೇ ತಡ, ಗವಿಯಪ್ಪ ಸೀದಾ ಅರಮನೆಗೆ ಹೋದ.

"ಬುದ್ಧೀ, ನೀವು ಸೋಲಿಸದೇ ಇರೋರು ಇನ್ನೂ ಮೂವರು ಉಳಿದವರೆ."

"ಯಾರೋ ಅವರು?"

"ಹೊನ್ನಿ, ಆ ಜಿಗಿಯೋನು, ಆ ಓಡೋನು. ಅವರನ್ನ ನೀವು ಕರೆಸಿಕೊಂಡಿರಿ, ಸೋಲಿಸಲಿಲ್ಲ. ಊರಾಚೆ ಜನ ನಗ್ತಾರೆ, ಹೆದರಿ ಕರೆಸಿಕೊಂಡ ಅಂತ."

"ನಾನಾ? ಹೆದರಿದ್ದಾ?" ದೊರೆಯ ಮುಖ ಕೆಂಡವಾಯಿತು. "ಕಳಿಸ್ರೋ ಅವರನ್ನ ಅವರವರ ಊರಿಗೆ. ಅಲ್ಲಿಂದ ಬಂದು ಆಡಲಿ. ಕಂಬ ಹಾಗೇ ಇರಲಿ."

ಗವಿಯಪ್ಪ ಬುಟ್ಟಿಯ ಕೆಳಗೆ ಬಂದು ಕೂಗಿದ. "ತಾಯೀ ಗುಬ್ಬಿ, ಬೇರೆ ಮನೆ ನೋಡ್ಕೋ."

"ನಮ್ಮಜ್ಜಿಗೂ ಹೀಗೇ ಹೇಳಿದ್ದೆಯಂತೆ" ಅಂತ ನಕ್ಕರೂ, ಗುಬ್ಬಿ ಪಕ್ಕದ ಹುಣಸೆಮರಕ್ಕೆ ಹೋಯಿತು.

ಮೊದಲು ಬಂದದ್ದು ಕೆರೆನಾಡು. ಹೊನ್ನಿ ಒಂದು ಸಲ ಎಸೆದಳು, ಚೆಂಡು ಕಂಬಕ್ಕೆ ಬಡಿಯಿತು. ಎರಡನೇ ಸಲ ಎಸೆದಳು, ಬುಟ್ಟಿಯ ಅಂಚು ಸವರಿ ಆಚೆ ಬಿತ್ತು. ಮೂರನೇ ಸಲ ಎಸೆದಳು.

ದಡ್.

ಗವಿಯಪ್ಪ ಏಣಿ ಹತ್ತಿದ. ಹಳೇ ಗೂಡಿನ ಹುಲ್ಲಿನ ಮೇಲೆ ಚೆಂಡು ಕೂತಿತ್ತು. ಎತ್ತಿ ಎದೆಗೆ ಒತ್ತಿಕೊಂಡ.

"ಬೇಗ ಹಾಕೋ ಮಾರಾಯ" ಅಂದರು ಕೆಳಗಿನವರು.

"ಇರ್ರಪ್ಪ, ಒಂದು ಗಳಿಗೆ."

"ಲೇ, ನೀನು ಯಾರ ಕಡೆಯವನೋ?" ಅಂತ ದೊರೆ ಗದರಿದ.

"ಬುಟ್ಟಿ ಕಡೆಯವನು, ಬುದ್ಧೀ."

ಉದ್ದಾಪುರ ಅವತ್ತು ಒಂದೇ ಒಂದು ಬುಟ್ಟಿಯ ಅಂತರದಲ್ಲಿ ಸೋತಿತು. ಬಯಲು ತುಂಬಾ ಜನ ಎದ್ದು ನಿಂತಿದ್ದರು. ದೊರೆಯೂ ಎದ್ದು ಚಪ್ಪಾಳೆ ತಟ್ಟಿದ. ಮರುವರ್ಷ ಮೂರು ನಾಡೂ ಆಡಲು ಬಂದವು. ಗವಿಯಪ್ಪನಿಗೂ ಮಂಡಿ ನೋವು ಬಂತು, ಬಸಲಿಂಗನಿಗೆ ದಿನಾ ತೋರಿಸೋನು.

ನೀತಿ ಇಷ್ಟೇ ಮಕ್ಕಳೇ: ಎದುರಾಳಿಯ ಬಲ ಕಿತ್ತುಕೊಂಡು ಗೆದ್ದವನಿಗೆ ಕೊನೆಗೆ ಆಟವೇ ಉಳಿಯುವುದಿಲ್ಲ.

ಗುಬ್ಬಿ ಮಾತಾಡಿದ್ದು ನಿಜ. ಕಂಬ ಮೋಡ ಮುಟ್ಟುತ್ತಿದ್ದದ್ದೂ ನಿಜ. ದೊರೆ ಚಪ್ಪಾಳೆ ತಟ್ಟಿದ್ದು ಮಾತ್ರ ನಾನು ಸೇರಿಸಿದ್ದು. ತಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.