ಮಡಿಲುದಿಬ್ಬಕ್ಕೆ ಆ ಹೆಸರು ಬಂದದ್ದು

ನಮ್ಮೂರಿನ ಪಡುವಣ ಅಂಚಿನಲ್ಲಿ, ಬಸ್ಸು ತಿರುಗಿಸುವ ಬಯಲಿನ ಪಕ್ಕದಲ್ಲೇ, ಒಂದು ಕರಿ ಮಣ್ಣಿನ ದಿಬ್ಬವಿದೆ. ಎತ್ತರ ಹೆಚ್ಚೇನಿಲ್ಲ, ಮೇಕೆ ಒಂದೇ ಉಸಿರಿಗೆ ಹತ್ತುತ್ತದೆ, ನಮ್ಮ ಮೇಷ್ಟ್ರು ನಡುವೆ ನಿಂತು ಸೊಂಟ ಹಿಡಿದುಕೊಂಡು ಹತ್ತುತ್ತಾರೆ. ಸುತ್ತ ಎಲ್ಲಿ ಕೆದಕಿದರೂ ಕೆಂಪು ಗರಸು. ನಡುವೆ ಇದೊಂದು ಮಾತ್ರ ಕಾಡಿಗೆ ಡಬ್ಬಿ ಬೋರಲು ಹಾಕಿದ ಹಾಗೆ ಕಪ್ಪಗೆ ಕೂತಿದೆ. ಪೇಟೆಯಿಂದ ಬಂದ ಒಬ್ಬರು ಇದು ಹಳೆಯ ಕೋಟೆಯ ಬುರುಜು ಎಂದು ಹೇಳಿ, ಎಳನೀರು ಕುಡಿದು ಹೋದರು. ಇನ್ನೊಬ್ಬರು ಒಳಗೆ ನಿಧಿ ಇದೆ ಎಂದು ಅಗೆಯಲು ಬಂದು ಹೆಂಗಸರ ಕೈಯಲ್ಲಿ ಚೆನ್ನಾಗಿ ಉಗಿಸಿಕೊಂಡರು. ಬುರುಜಿಗಿಂತ, ನಿಧಿಗಿಂತ ನಿಜವಾದ ಸಂಗತಿಯೇ ಜೋರಾಗಿದೆ.

ಹಿಂದೆ ಒಮ್ಮೆ, ಇಲ್ಲಿ ಊರೇ ಇಲ್ಲದ ಕಾಲದಲ್ಲಿ, ಬಡಗಣದಿಂದ ಒಂದು ಹಟ್ಟಿಯ ಜನ ದನಕರು ಹೊಡೆದುಕೊಂಡು ನೆಲೆ ಹುಡುಕುತ್ತ ಬಂದರು ಎನ್ನುತ್ತಾರೆ. ಅವರ ಯಜಮಾನ ಕ್ಯಾತಜ್ಜ. ನೆಲ ಪರೀಕ್ಷೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ. ಅದೇ ಹಟ್ಟಿಗೆ ಬಂದ ದೊಡ್ಡ ಕಷ್ಟ. ಮಣ್ಣನ್ನು ನಾಲಿಗೆಯ ಮೇಲಿಟ್ಟು ಚಪ್ಪರಿಸುತ್ತಿದ್ದ. ಒಂದು ಕಡೆ ಮಣ್ಣು ಉಪ್ಪು ಎಂದ, ಇನ್ನೊಂದು ಕಡೆ ಸಪ್ಪೆ ಎಂದ, ಮತ್ತೊಂದು ಕಡೆ ಎಲ್ಲ ಸರಿಯಾಗಿದ್ದಾಗ ಇಲ್ಲಿಯ ಓತಿಕ್ಯಾತ ನನ್ನನ್ನೇ ಗುರಾಯಿಸುತ್ತಿದೆ ಎಂದು ಎದ್ದು ಹೊರಟ. ಅವನ ಹೆಂಡತಿ ಬಾಲವ್ವ, "ನಿನ್ನ ಕಡೇ ತಮ್ಮನಿಗೆ ಹೆಣ್ಣು ನೋಡಿದಾಗಲೂ ಹಿಂಗೇ ಮಾಡಿದೆ. ಅವನು ಇವತ್ತಿಗೂ ಒಬ್ಬನೇ ಮುದ್ದೆ ತಿರುವ್ತಾನೆ" ಎನ್ನುತ್ತಿದ್ದಳಂತೆ.

ಅವರ ಸೊಸೆ ಸಿರಿಯಕ್ಕ ಆಗ ತುಂಬಿದ ಬಸುರಿ. ಮೊದಲ ಕೂಸನ್ನು ಅವಳು ನಡೆಯುವ ದಾರಿಯಲ್ಲೇ ಹೆತ್ತು ದಾರಿಯಲ್ಲೇ ಮಣ್ಣು ಮಾಡಿದ್ದಳು. ಈ ಸಲವಾದರೂ ಒಂದು ಚಪ್ಪರದ ಕೆಳಗೆ, ಬಾಣಂತಿ ಒಲೆಯ ಪಕ್ಕದಲ್ಲಿ ಹೆರಬೇಕು, ಅಷ್ಟೇ ಅವಳ ಆಸೆ. ಆದರೆ ಹಟ್ಟಿಯ ಕಟ್ಟುಪಾಡು ಬಿಗಿ: ನೆಲ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಆ ಜಾಗದಲ್ಲಿ ಕಂಬ ನೆಡುವಂತಿಲ್ಲ, ಒಲೆ ಹೂಡುವಂತಿಲ್ಲ, ಸೋತರೆ ಹೊತ್ತು ನೆತ್ತಿಗೇರುವ ಮೊದಲೇ ಜಾಗ ಬಿಡಬೇಕು. ಪರೀಕ್ಷೆಯೆಂದರೆ ಹೀಗೆ. ಮೊಣಕಾಲುದ್ದ ಗುಂಡಿ ತೋಡಬೇಕು. ತೆಗೆದ ಮಣ್ಣು ಉಸಿರು ತಗೊಳ್ಳಲಿ ಎಂದು ಪಕ್ಕದಲ್ಲಿ ಗುಡ್ಡೆ ಹಾಕಿ, ಗಂಡಸರೆಲ್ಲ ಅದಕ್ಕೆ ಬೆನ್ನು ಮಾಡಿ, ಮೂಡಣಕ್ಕೆ ತಿರುಗಿ ಕಣ್ಣು ಮುಚ್ಚಿ ಕೂರಬೇಕು. ಆಮೇಲೆ ಅದೇ ಮಣ್ಣನ್ನು ಗುಂಡಿಗೆ ತುಂಬಬೇಕು. ಮಣ್ಣು ಮಿಕ್ಕಿದರೆ ನೆಲ ಸಾಕುತ್ತದೆ, ಸಾಲದೆ ಬಂದರೆ ನೆಲವೇ ನಮ್ಮನ್ನು ತಿನ್ನುತ್ತದೆ ಎಂದು ಅವರ ನಂಬಿಕೆ.

ಕ್ಯಾತಜ್ಜ ಈ ಗರಸಿನಲ್ಲಿ ಗುಂಡಿ ತೋಡಿಸಿದ. ಗರಸು ನೋಡಿದರೇ ಗೊತ್ತಾಗುತ್ತಿತ್ತು, ಇದು ಸೋಲುವ ನೆಲ ಎಂದು. ಗಂಡಸರು ಸಾಲಾಗಿ ಕಣ್ಣು ಮುಚ್ಚಿ ಕೂತರು. ಕಟ್ಟುಪಾಡಿನಲ್ಲಿ ಹೆಂಗಸರ ಹೆಸರೇ ಇರಲಿಲ್ಲ, ಹಾಗಾಗಿ ಅವರು ಕಣ್ಣು ಮುಚ್ಚುವ ಮಾತೂ ಇರಲಿಲ್ಲ. ಬಾಲವ್ವ ಸೊಸೆಯ ಬಾಡಿದ ಮುಖ ನೋಡಿದಳು, ಎದ್ದು ತಂಗಡಿ ಪೊದೆಗಳ ಹಿಂದಕ್ಕೆ ನಡೆದಳು. ಅದು ಹೆಂಗಸರು ಬೆಳಿಗ್ಗೆ ಚೊಂಬು ಹಿಡಿದು ಹೋಗುವ ಕಡೆ. ಎಲ್ಲಿ ಬೀಡು ಬಿಟ್ಟರೂ ಅಂಥದೊಂದು ದಿಕ್ಕನ್ನು ಮೊದಲೇ ಬೇರೆ ಇಡುತ್ತಿದ್ದರು. ಗಂಡಸರು ಅತ್ತ ತಲೆಯನ್ನೂ ತಿರುಗಿಸುತ್ತಿರಲಿಲ್ಲ. ಅವಳು ಮಡಿಲ ತುಂಬ ಮಣ್ಣು ತಂದು ಗುಡ್ಡೆಯ ಮೇಲೆ ಸುರಿದಳು. ಇದನ್ನು ನೋಡಿದ ವಾರಗಿತ್ತಿ ಒಂದು ಮಡಿಲು ತಂದಳು. ಅವಳನ್ನು ನೋಡಿ ನಾದಿನಿ, ನಾದಿನಿಯನ್ನು ನೋಡಿ ಹಟ್ಟಿಗೆ ಹಟ್ಟಿಯೇ. ಬಳೆ ಸದ್ದಾಗದಂತೆ ಮೊಣಕೈವರೆಗೆ ಏರಿಸಿಕೊಂಡು, ನಗು ತಡೆಯಲು ಸೆರಗು ಕಚ್ಚಿಕೊಂಡು ಓಡಾಡಿದರಂತೆ. ಸಾಕು ಎನ್ನುವ ಬುದ್ಧಿ ಒಬ್ಬಳಿಗೂ ಬರಲಿಲ್ಲ.

ಗಂಡಸರು ಕಣ್ಣು ಬಿಟ್ಟರು. ಗುಂಡಿ ತುಂಬಿದರು. ಮಣ್ಣು ಮಿಕ್ಕಿತು. ಮಿಕ್ಕಿ ಮಿಕ್ಕಿ ಕೂತ ಎಮ್ಮೆಯಷ್ಟಾಯಿತು, ಬಣ್ಣವೂ ಎಮ್ಮೆಯದೇ. ತೋಡಿದ್ದು ಕೆಂಪು, ತುಂಬಿದ್ದು ಕಪ್ಪು. ಕ್ಯಾತಜ್ಜ ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. ಇನ್ನೊಂದು ಚಿಟಿಕೆ ಹಾಕಿಕೊಂಡ. ಅವನ ಕಣ್ಣು ಅರಳಿತು.

"ಇದು ಎಲ್ಲಿಯ ಮಣ್ಣು?"

"ಅದನ್ನ ನೀನು ಕೇಳಬಾರದು, ನಾವು ಹೇಳಬಾರದು" ಎಂದಳು ಬಾಲವ್ವ.

"ನಾನು ತಿಂದಿದೀನಿ ಕಣೆ."

"ಅದಕ್ಕೇ ಹೇಳ್ತಿಲ್ಲ."

ಗಂಡಸರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಜ್ಜನ ಬಾಯಿ ಹಾಗೇ ನಿಂತಿತು, ನುಂಗಲೂ ಆಗದು ಉಗುಳಲೂ ಆಗದು. ಬಾಲವ್ವನೇ ಕನಿಕರಪಟ್ಟು, "ಹೆದರಬ್ಯಾಡ, ಇನ್ನೂ ಆಚೆಯಿಂದ ತಂದದ್ದು" ಎಂದಳಂತೆ. ಅಷ್ಟರಲ್ಲಿ ಸಿರಿಯಕ್ಕ ಸೊಂಟ ಹಿಡಿದು ನೆಲಕ್ಕೆ ಕುಸಿದಳು. ಮಾವನೆದುರು ಎಂದೂ ದನಿ ಎತ್ತದವಳು ಅಂದು ಎತ್ತಿದಳು: "ಮಾವ, ನೆಲ ಗೆಲ್ಲಲಿ, ಸೋಲಲಿ, ನಾನಂತೂ ಏಳಲ್ಲ."

ಮೋಸ ನಡೆದ ಮೇಲೆ ಆ ಪರೀಕ್ಷೆ ಸೋತಂತೆಯೇ. ಹೊತ್ತು ನೆತ್ತಿಯ ಹತ್ತಿರ ಬರುತ್ತಿತ್ತು. ಕ್ಯಾತಜ್ಜ ಸೊಸೆಯನ್ನು ನೋಡಿದ, ತಂಗಡಿ ಪೊದೆಯನ್ನು ನೋಡಿದ. ಅಂಥ ದಿಕ್ಕಿಗೆ ಹುಟ್ಟಿದಾಗಿನಿಂದ ಯಾವ ಗಂಡಸೂ ಕಾಲಿಟ್ಟವನಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ, ಪೊದೆಯ ಬಳಿ ನಿಂತು, ಎದೆ ಕಿತ್ತು ಬರುವಂತೆ ಒಮ್ಮೆ ಜೋರಾಗಿ ಕೆಮ್ಮಿದ. ಆಚೆ ಯಾರೂ ಇಲ್ಲವೆಂದು ಗೊತ್ತಿದ್ದೂ ಕೆಮ್ಮಿದ. ಹಿಂದೆ ಬಂದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೆಮ್ಮಿ ಒಳಗೆ ಹೋದರು. ಪೊದೆ ದಾಟಿದರೆ ಹಳ್ಳದ ದಂಡೆ, ಕಣ್ಣು ಹಾಯುವವರೆಗೆ ಕರಿ ಎರೆ ಭೂಮಿ. ಅದಕ್ಕೆ ಬೆನ್ನು ಹಾಕಿ ಅವರು ಗರಸಿನಲ್ಲಿ ಗುದ್ದಲಿ ಸವೆಸಿದ್ದರು. ಮತ್ತೆ ಗುಂಡಿ ತೋಡಿದರು. ಈ ಸಲ ಹೆಂಗಸರೆಲ್ಲ ಸೆರಗು ಕೊಡವಿ ದೂರ ನಿಲ್ಲಬೇಕೆಂದು ಅಜ್ಜ ಹೇಳಿದ. ಯಾರೂ ಇರಲಿಲ್ಲ, ಎಲ್ಲರೂ ಸಿರಿಯಕ್ಕನ ಸುತ್ತ ಸೀರೆ ಮರೆ ಮಾಡಿ ನಿಂತಿದ್ದರು. ಗಂಡಸರು ಕಣ್ಣು ಮುಚ್ಚಿದರು. ಪೊದೆಯಾಚೆಯಿಂದ ಅವಳ ನರಳಾಟ ಕೇಳುತ್ತಿತ್ತು. ಅವಳ ಗಂಡ ಒಂದು ಕಣ್ಣು ತೆರೆದನಂತೆ, ಅಪ್ಪ ತಲೆಗೆ ಮೊಟಕಿ ಮುಚ್ಚಿಸಿದನಂತೆ. ಆಮೇಲೆ ಮಣ್ಣು ತುಂಬಿದರು, ತುಳಿದರು, ಮತ್ತೆ ತುಂಬಿದರು. ಮಿಕ್ಕಿತು. ತಾನಾಗಿಯೇ ಮಿಕ್ಕಿತು. ಕ್ಯಾತಜ್ಜ ಗುದ್ದಲಿ ಬಿಸಾಕಿ, "ಕಂಬ ತರ್ರೋ" ಎಂದು ಕೂಗುತ್ತ ಓಡಿದ. ಹೊತ್ತು ನೆತ್ತಿಗೇರುವಾಗ ಸಿರಿಯಕ್ಕನ ಮೇಲೆ ಚಪ್ಪರ ನಿಂತಿತ್ತು, ಒಲೆ ಹೊತ್ತಿತ್ತು. ಅದರ ಹೊಗೆಗೆ ಕಣ್ಣುಜ್ಜುತ್ತಿದ್ದ ಅಜ್ಜನಿಗೆ ಮೊಮ್ಮಗಳ ಅಳು ಕೇಳಿತು.

ಮಡಿಲ ಮಣ್ಣಿನ ಆ ಗುಡ್ಡೆಯನ್ನು ಅಜ್ಜ ಕೆಡವಗೊಡಲಿಲ್ಲ. ಊರಿಗೆ ಸೊಸೆಯಾಗಿ ಬಂದ ಪ್ರತಿಯೊಬ್ಬಳೂ ಒಂದು ಮಡಿಲು ಎರೆ ಮಣ್ಣು ಅಲ್ಲಿ ಸುರಿಯಬೇಕೆಂದು ಬಾಲವ್ವ ಕಟ್ಟು ಮಾಡಿದಳು, ಅದಕ್ಕೇ ದಿಬ್ಬ ಇಂದಿಗೂ ಕರಗಿಲ್ಲ, ಅದಕ್ಕೇ ಮಡಿಲುದಿಬ್ಬ ಎನ್ನುತ್ತಾರೆ. ನೋಡಲು ಬಂದವರು ಬೆಳಿಗ್ಗೆ ಸ್ವಲ್ಪ ಹೊತ್ತು ಅದರ ಮೇಲೆ ಕೂರಬೇಕು. ಗಂಡಸರು ಎರೆ ಹೊಲಕ್ಕೆ ಹೊರಡುತ್ತಾರೆ, ಕೆಲವರು ಎತ್ತಿನ ಹಿಂದೆ, ಕೆಲವರು ಟ್ರಾಕ್ಟರ್ ಮೇಲೆ. ತಂಗಡಿ ಪೊದೆ ಎಂದೋ ಹೋಯಿತು, ಆಚೆ ಇರುವುದು ಆಳೆತ್ತರದ ಬಿಳಿಜೋಳ ಮಾತ್ರ. ಆದರೂ ಆ ತಿರುವಿಗೆ ಬಂದ ಕೂಡಲೇ ಪ್ರತಿಯೊಬ್ಬನೂ ನಿಲ್ಲುತ್ತಾನೆ, ಜೋರಾಗಿ ಕೆಮ್ಮುತ್ತಾನೆ, ಆಮೇಲೆ ತನ್ನ ಹೊಲಕ್ಕೆ ಕಾಲಿಡುತ್ತಾನೆ.